ಒಳ್ಳೆಯ ಕುರುಬ ಮತ್ತು ಕೂಲಿಯಾಳು

ಕುರಿಮರಿಯೊಂದನ್ನು ಹೆಗಲ ಮೇಲೆ ಹೊತ್ತು ನಿಂತ ಯೇಸುವಿನ ಚಿತ್ರವನ್ನು ನೋಡದವರು ನಮ್ಮಲ್ಲಿ ವಿರಳ. ಕ್ರೈಸ್ತ ಮಿತ್ರರ ಮನೆಗಳಲ್ಲಿ, ಇಗರ್ಜಿಯ ಕಿಟಕಿಗಳಲ್ಲಿ, ಗೋಡೆಯ ಕ್ಯಾಲೆಂಡರುಗಳಲ್ಲಿ ಅದು ಸಾಮಾನ್ಯ. ನೋಡಲು ಬಹು ಸೌಮ್ಯವಾದ ಚಿತ್ರ. ಆದರೆ ಆ ಚಿತ್ರಕ್ಕೆ ಆಧಾರವಾದ ಉಪದೇಶವನ್ನು ತೆರೆದು ಓದಿದರೆ, ಅಲ್ಲಿ ತೋಳವಿದೆ, ಗೋಡೆ ಹಾರುವ ಕಳ್ಳನಿದ್ದಾನೆ, ಹಿಂಡನ್ನು ಬಿಟ್ಟು ಓಡಿಹೋಗುವ ಕೂಲಿಯಾಳು ಇದ್ದಾನೆ, ಕಡೆಗೆ ಒಂದು ಸಾವೂ ಇದೆ.

ತಿಂಗಳ ಸಂಬಳಕ್ಕೆ ದುಡಿಯುವ ನಮ್ಮಂಥವರು ಈ ಉಪದೇಶವನ್ನು ಓದುವಾಗ ಒಂದು ಕಡೆ ತಡೆದು ನಿಲ್ಲಲೇಬೇಕಾಗುತ್ತದೆ. ಒಳ್ಳೆಯ ಕುರುಬನಿಗೆ ಎದುರಾಗಿ ಅಲ್ಲಿ ನಿಲ್ಲಿಸಿರುವುದು ಕಳ್ಳನನ್ನು ಮಾತ್ರವಲ್ಲ, ಕೂಲಿಯಾಳನ್ನೂ ಕೂಡ. ಹಾಗಾದರೆ ಕೂಲಿ ಪಡೆಯುವುದೇ ಒಂದು ದೋಷವೆ? ಸಂಬಳ ತೆಗೆದುಕೊಂಡು ದುಡಿಯುವವನಲ್ಲಿ ನಿಜವಾದ ಪಾಲನೆಯ ಬುದ್ಧಿ ಇರಲಾರದೆ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕುರುಬನ ಉಪಮೆಯನ್ನು ಅಭ್ಯಾಸ ಮಾಡೋಣ. ನಮ್ಮ ವಾಚಕರಲ್ಲಿ ನಾನಾ ಮತದವರಿದ್ದಾರೆ. ಯಾವ ಮತದವರಿಗಾದರೂ ಈ ಪ್ರಶ್ನೆ ಹೊರಗಿನದಲ್ಲ.

೧. ದೇಶ ಮತ್ತು ಕಸುಬು

ಬೈಬಲು ಹುಟ್ಟಿದ ಪ್ಯಾಲೆಸ್ತೀನ್ ದೇಶದ ದಕ್ಷಿಣ ಭಾಗ, ಅಂದರೆ ಬೆತ್ಲೆಹೇಮ್, ತೆಕೋವ ಮೊದಲಾದ ಊರುಗಳಿರುವ ಯೂದಾಯದ ಬೆಟ್ಟಸೀಮೆ, ಕಲ್ಲು ಹೆಚ್ಚು, ನೀರು ಕಡಿಮೆ ಇರುವ ನಾಡು. ಅಲ್ಲಿ ಮಳೆ ಬರುವುದು ನಮ್ಮಂತೆ ಜೂನಿನಲ್ಲಿ ಅಲ್ಲ, ಚಳಿಗಾಲದಲ್ಲಿ. ಬೇಸಗೆಯ ತಿಂಗಳುಗಳಲ್ಲಿ ಹನಿ ನೀರು ಬೀಳದು. ಹುಲ್ಲು ಒಣಗಿದ ಮೇಲೆ ಕುರುಬನು ಹಿಂಡನ್ನು ಕರೆದುಕೊಂಡು ದೂರ ದೂರ ಅಲೆಯಬೇಕು, ಬಾವಿ ಎಲ್ಲಿದೆ, ಒರತೆ ಎಲ್ಲಿದೆ ಎಂಬುದನ್ನು ತಿಳಿದಿರಬೇಕು. ಆ ಕಾಲದಲ್ಲಿ ತೋಳದ ಜೊತೆಗೆ ಸಿಂಹ, ಕರಡಿಗಳೂ ಆ ಬೆಟ್ಟಗಳಲ್ಲಿದ್ದುವು. ಕುರುಬನ ಕೈಯಲ್ಲಿ ಒಂದು ದೊಣ್ಣೆ, ಒಂದು ಊರುಗೋಲು, ಒಂದು ಕವಣೆ. ಹೆಗಲಿಗೆ ಒಂದು ಚೀಲ. ಅಷ್ಟೇ ಅವನ ಆಸ್ತಿ.

ರಾತ್ರಿಯಲ್ಲಿ ಕುರಿಗಳನ್ನು ಕಲ್ಲುಗೋಡೆಯ ದೊಡ್ಡಿಯೊಳಗೆ ಕೂಡಿಸುತ್ತಿದ್ದರು. ಕೂಡಿಸುವಾಗ ಒಂದೊಂದನ್ನೂ ಕೈಯ ಕೆಳಗೆ ಹಾಯಿಸಿ ಎಣಿಸುವುದು ವಾಡಿಕೆಯಾಗಿತ್ತು. ಬೆಳಿಗ್ಗೆ ಕುರುಬನು ಬಾಗಿಲಲ್ಲಿ ನಿಂತು ಕೂಗಿದರೆ ಅವನ ಕುರಿಗಳು ಅವನ ದನಿಯನ್ನು ಗುರುತಿಸಿ ಹೊರಗೆ ಬರುತ್ತಿದ್ದುವು. ಅವನು ಮುಂದೆ, ಕುರಿಗಳು ಹಿಂದೆ. ಹಿಂದಿನಿಂದ ಕೋಲು ಹಿಡಿದು ಅಟ್ಟುವುದಲ್ಲ, ಮುಂದೆ ನಡೆದು ಕರೆಯುವುದು. ಹಾದಿಯಲ್ಲಿ ಹಾವು, ಹಳ್ಳ, ತೋಳ ಏನಿದ್ದರೂ ಮೊದಲು ಎದುರಾಗುವುದು ಕುರುಬನಿಗೆ. ಈ ಒಂದು ಸಂಗತಿಯನ್ನು ನೆನಪಿಟ್ಟರೆ ಉಪಮೆಯ ಅರ್ಧ ತಿಳಿದಂತೆ.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೈಬಲನ್ನು ಕನ್ನಡಕ್ಕೆ ತಂದರು. ಕುರಿ ಕಾಯುವ ಕಸುಬು ಆ ಸೀಮೆಯಲ್ಲಿ ಹೊಸದಲ್ಲ. ಕುರಿ, ಹಿಂಡು, ದೊಡ್ಡಿ, ತೋಳ ಎಂಬ ಮಾತುಗಳೆಲ್ಲ ಜನರ ಬಾಯಲ್ಲಿಯೇ ಇದ್ದುವು. ಹಳೆಯ ಕನ್ನಡ ಬೈಬಲಿನಲ್ಲಿ ‘ಕುರುಬ’ ಎಂಬ ಮಾತಿದೆ. ಈಚಿನ ಭಾಷಾಂತರಗಳಲ್ಲಿ ‘ಕುರಿಗಾಹಿ’ ಎಂಬುದೂ ಕಾಣುತ್ತದೆ.

೨. ಕಸುಬಿನ ಕಾನೂನು

ಕುರಿ ಕಾಯುವುದು ಬಹು ಪ್ರಾಚೀನವಾದ ಕೂಲಿಕೆಲಸ. ಅದಕ್ಕೆ ಕರಾರು ಇತ್ತು, ಸಂಬಳ ಇತ್ತು, ನಷ್ಟವನ್ನು ಯಾರು ತುಂಬಬೇಕೆಂಬ ಕಾನೂನೂ ಇತ್ತು. ಕ್ರಿಸ್ತಪೂರ್ವ ೧೮ನೆಯ ಶತಮಾನದಲ್ಲಿ ಬಾಬಿಲೋನಿನ ಅರಸನಾದ ಹಮ್ಮುರಾಬಿ ಕೆತ್ತಿಸಿದ ಶಾಸನಸ್ತಂಭವು ೧೯೦೧ರಲ್ಲಿ ಸೂಸಾ ಎಂಬಲ್ಲಿ ದೊರೆತು, ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ದನ ಕುರಿ ಕಾಯುವವನಿಗೆ ವರ್ಷಕ್ಕೆ ಎಂಟು ‘ಗುರ್’ ಅಳತೆಯ ಧಾನ್ಯ ಕೊಡಬೇಕೆಂದು ಅದು ಗೊತ್ತುಪಡಿಸುತ್ತದೆ. ಸಿಂಹ ಬಂದು ಕುರಿಯನ್ನು ಕೊಂದರೆ ಕಾಯುವವನು ದೇವರೆದುರಿಗೆ ಪ್ರಮಾಣ ಮಾಡಿ ಬಿಡುಗಡೆ ಹೊಂದಬಹುದು, ನಷ್ಟ ಒಡೆಯನದು. ಅವನ ಅಲಕ್ಷ್ಯದಿಂದ ಹಾನಿಯಾದರೆ ಅವನೇ ತುಂಬಿಕೊಡಬೇಕು. ಇದೇ ಹಮ್ಮುರಾಬಿ ತನ್ನನ್ನು ತಾನು ಪ್ರಜೆಗಳ ಕುರುಬನೆಂದು ಕರೆದುಕೊಂಡಿದ್ದಾನೆ. ಅರಸನನ್ನು ಕುರುಬನಿಗೆ ಹೋಲಿಸುವುದು ಆ ಸೀಮೆಯ ಹಳೆಯ ಸಂಪ್ರದಾಯ.

ಯೆಹೂದ್ಯರ ಧರ್ಮಶಾಸ್ತ್ರದಲ್ಲಿಯೂ ಇಂಥದೇ ನಿಯಮವುಂಟು. ವಿಮೋಚನಕಾಂಡದ ೨೨ನೆಯ ಅಧ್ಯಾಯದ ಪ್ರಕಾರ, ಕಾಯಲು ಒಪ್ಪಿಸಿದ ಪ್ರಾಣಿ ಕಳವಾದರೆ ಕಾಯುವವನು ಬೆಲೆ ಕೊಡಬೇಕು. ಕಾಡುಮೃಗ ಹರಿದುಹಾಕಿದ್ದರೆ ಉಳಿದ ತುಂಡನ್ನು ತಂದು ಸಾಕ್ಷಿಯಾಗಿ ತೋರಿಸಿದರೆ ಸಾಕು, ಬೆಲೆ ಕೊಡಬೇಕಾಗಿಲ್ಲ. ಪ್ರವಾದಿ ಆಮೋಸನು ತೆಕೋವದ ಕುರುಬರಲ್ಲಿ ಒಬ್ಬನು. ಸಿಂಹದ ಬಾಯಿಂದ ಎರಡು ಕಾಲನ್ನೋ ಒಂದು ಕಿವಿಯ ಚೂರನ್ನೋ ಕಿತ್ತುಕೊಂಡು ಬರುವ ಕುರುಬನ ಮಾತನ್ನು ಅವನು ಒಂದೆಡೆ ಹೇಳುತ್ತಾನೆ. ಆ ಚೂರು ಕಿವಿ ಒಡೆಯನಿಗೆ ಒಪ್ಪಿಸುವ ಲೆಕ್ಕ.

ಕ್ರಿಸ್ತಶಕ ೨೦೦ರ ಸುಮಾರಿಗೆ ಸಂಕಲಿತವಾದ ಯೆಹೂದ್ಯರ ‘ಮಿಷ್ನಾ’ ಗ್ರಂಥದಲ್ಲಿ ಇನ್ನೂ ಸೂಕ್ಷ್ಮವಾದ ವಿಚಾರವಿದೆ. ಒಂದು ತೋಳ ಬಂದರೆ ಅದು ತಪ್ಪಿಸಲಾಗದ ಆಪತ್ತಲ್ಲ. ಎರಡು ತೋಳ ಬಂದರೆ ತಪ್ಪಿಸಲಾಗದ ಆಪತ್ತು ಎಂದು ಅಲ್ಲಿನ ನಿರ್ಣಯ. ಎಂದರೆ ಸಂಬಳ ಪಡೆದ ಕಾವಲುಗಾರನು ಒಂದು ತೋಳವನ್ನು ಎದುರಿಸಲೇಬೇಕು. ಎರಡಾದರೆ ಅವನ ಮೇಲೆ ಹೊಣೆಯಿಲ್ಲ. ಕಾನೂನಿನ ದೃಷ್ಟಿಯಿಂದ ಇದು ನ್ಯಾಯವಾದ ಮಾತೇ. ಕೂಲಿಗೆ ಬಂದವನಿಂದ ಪ್ರಾಣವನ್ನು ಕೇಳುವ ಹಕ್ಕು ಯಾವ ಒಡೆಯನಿಗೂ ಇಲ್ಲ. ದುಡಿಯುವವನ ರಕ್ಷಣೆಗಾಗಿ ಇರುವ ಗೆರೆ ಅದು.

ಆದರೆ ಗೆರೆ ಮುಗಿದ ಜಾಗದಲ್ಲಿ ಕುರಿಯ ಗತಿ ಏನು? ಎರಡನೆಯ ತೋಳ ಬಂದಾಗ ಕಾನೂನು ಕುರುಬನನ್ನು ಬಿಡಿಸುತ್ತದೆ. ಕುರಿಯನ್ನು ಬಿಡಿಸುವವರು ಯಾರು? ಒಳ್ಳೆಯ ಕುರುಬನ ಉಪಮೆ ಹುಟ್ಟುವುದು ಇಲ್ಲಿಯೇ.

೩. ಗೆರೆ ದಾಟಿದ ಇಬ್ಬರು

ಯೇಸುವಿಗೆ ಬಹು ಮೊದಲೇ ಈ ಗೆರೆಯನ್ನು ದಾಟಿದ ಇಬ್ಬರು ಕುರುಬರ ಕಥೆ ಹಳೆಯ ಒಡಂಬಡಿಕೆಯಲ್ಲಿದೆ.

ಮೊದಲನೆಯವನು ಯಾಕೋಬ. ಹುಟ್ಟಿದ ಊರನ್ನು ಬಿಟ್ಟು ಪರಸ್ಥಳಕ್ಕೆ ಹೋಗಿ, ಸೋದರಮಾವನಾದ ಲಾಬಾನನ ಬಳಿ ೨೦ ವರ್ಷ ಕುರಿ ಕಾದವನು. ನಮ್ಮ ಹಾಗೆಯೇ ಪರಊರಿನಲ್ಲಿ ದುಡಿದ ಆಳು. ಬಿಟ್ಟುಹೋಗುವ ದಿನ ಅವನು ಮಾವನೆದುರು ನಿಂತು ತನ್ನ ಸೇವೆಯ ಲೆಕ್ಕವನ್ನು ಒಪ್ಪಿಸುವ ಭಾಗವನ್ನು ಆದಿಕಾಂಡದ ೩೧ನೆಯ ಅಧ್ಯಾಯದಲ್ಲಿ ಓದಬಹುದು. ಹಗಲು ಬಿಸಿಲು ಸುಟ್ಟಿತು, ಇರುಳು ಚಳಿ ಕೊರೆಯಿತು, ನಿದ್ದೆ ಕಣ್ಣಿಗೆ ಹತ್ತಲಿಲ್ಲ. ಹತ್ತು ಸಲ ಕೂಲಿಯನ್ನು ಬದಲಾಯಿಸಿದಿರಿ ಎಂಬುದು ಅವನ ದೂರಿನ ಸಾರ. ಅದರ ನಡುವೆ ಇನ್ನೊಂದು ಸಂಗತಿಯಿದೆ. ಮೃಗಗಳು ಹರಿದ ಕುರಿಗಳನ್ನು ಅವನು ಒಡೆಯನ ಲೆಕ್ಕಕ್ಕೆ ಹಚ್ಚಲಿಲ್ಲ. ಆ ನಷ್ಟವನ್ನು ತಾನೇ ಹೊತ್ತನು. ಮೇಲೆ ಹೇಳಿದ ನಿಯಮದಂತೆ ನೋಡಿದರೆ ಅವನು ಹೊರಬೇಕಾದ ನಷ್ಟವಲ್ಲ ಅದು. ಲಾಬಾನನು ಅದಕ್ಕಾಗಿ ಅವನನ್ನು ಹೊಗಳಲೂ ಇಲ್ಲ.

ಎರಡನೆಯವನು ದಾವೀದ. ಅವನು ಕಾದದ್ದು ತಂದೆಯ ಕುರಿಗಳನ್ನು. ಗೊಲ್ಯಾತನೊಡನೆ ಹೋರಾಡಲು ಹೊರಟಾಗ, ಹುಡುಗನಾದ ನೀನು ಏನು ಮಾಡಬಲ್ಲೆ ಎಂಬ ಮಾತು ಅರಸನಿಂದ ಬರುತ್ತದೆ. ದಾವೀದನು ಕೊಟ್ಟ ಉತ್ತರ ತನ್ನ ಕಸುಬಿನ ಅನುಭವ: ಸಿಂಹವೋ ಕರಡಿಯೋ ಹಿಂಡಿನಿಂದ ಮರಿಯನ್ನು ಕಚ್ಚಿಕೊಂಡು ಹೋದರೆ ಬೆನ್ನಟ್ಟಿ ಅದರ ಬಾಯಿಂದ ಬಿಡಿಸಿದ್ದೇನೆ. ಒಂದು ಮರಿಗಾಗಿ ಅವನು ಪ್ರಾಣವನ್ನು ಪಣಕ್ಕಿಟ್ಟನು.

ಯಾಕೋಬನು ಕೈಯಿಂದ ಬೆಲೆ ತೆತ್ತನು. ದಾವೀದನು ಪ್ರಾಣವನ್ನು ಅಪಾಯಕ್ಕೆ ಒಡ್ಡಿದನು. ಮೂರನೆಯ ಮೆಟ್ಟಲಿಗೆ ನಾವು ಮುಂದೆ ಬರುತ್ತೇವೆ. ಯಾಕೋಬನು ಕೂಲಿಯಾಳಾಗಿದ್ದನೆಂಬುದನ್ನು ಮಾತ್ರ ಓದುಗರು ಗುರುತು ಹಾಕಿಕೊಂಡಿರಲಿ.

೪. ಹಿಂಡನ್ನು ತಿಂದ ಪಾಲಕರು

ಕ್ರಿಸ್ತಪೂರ್ವ ೬ನೆಯ ಶತಮಾನದಲ್ಲಿ ಯೆರೂಸಲೇಮ್ ನಗರವು ಬಾಬಿಲೋನಿನವರ ಕೈಗೆ ಬಿದ್ದು, ಜನರು ಸೆರೆಯಾಗಿ ಪರದೇಶಕ್ಕೆ ಹೋಗಬೇಕಾಯಿತು. ಆ ಸೆರೆಯ ನಾಡಿನಲ್ಲಿದ್ದ ಪ್ರವಾದಿ ಯೆಹೆಜ್ಕೇಲನು, ಹೀಗೇಕಾಯಿತೆಂದು ಕೇಳಿ, ತನ್ನ ಗ್ರಂಥದ ೩೪ನೆಯ ಅಧ್ಯಾಯದಲ್ಲಿ ಉತ್ತರ ಕೊಡುತ್ತಾನೆ. ಅರಸರು, ಮುಖಂಡರು ಕುರುಬರೆನಿಸಿಕೊಂಡರು. ಆದರೆ ಅವರು ಮೇಯಿಸಿದ್ದು ತಮ್ಮ ಹೊಟ್ಟೆಯನ್ನು. ಕೊಬ್ಬನ್ನು ತಿಂದರು, ಉಣ್ಣೆಯನ್ನು ಹೊದ್ದರು. ಬಡಕಲಾದುದನ್ನು ಬಲಪಡಿಸಲಿಲ್ಲ, ರೋಗ ಹತ್ತಿದ್ದಕ್ಕೆ ಮದ್ದು ಮಾಡಲಿಲ್ಲ, ಕಾಲು ಮುರಿದುದಕ್ಕೆ ಕಟ್ಟು ಕಟ್ಟಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ. ಆದುದರಿಂದ ದೇವರೇ ಆ ಕುರುಬರ ಕೈಯಿಂದ ಹಿಂಡನ್ನು ಕಸಿದುಕೊಂಡು ಸ್ವತಃ ಹುಡುಕಲು ಹೊರಡುತ್ತಾನೆಂದು ಪ್ರವಾದಿ ಸಾರುತ್ತಾನೆ.

ಇಲ್ಲಿ ಒಂದು ಅಂಶ ಗಮನಾರ್ಹ. ಕುರುಬನೆಂಬ ಹೆಸರು ಹೊಗಳಿಕೆಯಲ್ಲ, ಅದೊಂದು ಜವಾಬುದಾರಿ. ಹೆಸರನ್ನು ಹೊತ್ತವನು ಲೆಕ್ಕ ಕೊಡಬೇಕು. ಲೆಕ್ಕದ ಪುಸ್ತಕದಲ್ಲಿ ಮೊದಲು ನೋಡುವುದು ಎಷ್ಟು ಉಣ್ಣೆ ಬಂತು ಎಂಬುದನ್ನಲ್ಲ, ಬಡಕಲಾದ ಕುರಿ ಏನಾಯಿತು ಎಂಬುದನ್ನು.

೫. ಯೇಸುವಿನ ಮಾತು

ಈಗ ಯೋಹಾನನ ಸುವಾರ್ತೆಯ ೧೦ನೆಯ ಅಧ್ಯಾಯಕ್ಕೆ ಬರೋಣ. ಅದನ್ನು ಓದುವ ಮೊದಲು ೯ನೆಯ ಅಧ್ಯಾಯವನ್ನು ಓದಬೇಕು. ಹುಟ್ಟುಕುರುಡನೊಬ್ಬನಿಗೆ ಯೇಸು ಕಣ್ಣು ಕೊಡುತ್ತಾನೆ. ಊರ ಧರ್ಮಮುಖಂಡರು ಆ ಬಡವನನ್ನು ಅಡ್ಡಡ್ಡ ಪ್ರಶ್ನೆ ಹಾಕಿ, ಬೈದು, ಹೊರಗೆ ಹಾಕುತ್ತಾರೆ. ಹೊರಗೆ ಹಾಕಿದರೆಂಬ ಸುದ್ದಿ ಕೇಳಿ ಯೇಸು ಅವನನ್ನು ಹುಡುಕಿಕೊಂಡು ಹೋಗುತ್ತಾನೆ. ಇದಾದ ಮೇಲೆ ಕುರುಬನ ಮಾತು ಬರುತ್ತದೆ. ಯಾರು ಪಾಲಕರು, ಯಾರು ಪಾಲಕರ ವೇಷದವರು ಎಂಬುದು ಕಣ್ಣೆದುರಿಗೆ ನಡೆದುಹೋದ ಸಂಗತಿ.

ಅವನ ಮಾತಿನ ತಾತ್ಪರ್ಯ ಹೀಗಿದೆ: ಕಳ್ಳನು ಬೇರೆ ಕಡೆಯಿಂದ ಹತ್ತಿ ಬರುತ್ತಾನೆ, ಕುರುಬನು ಬಾಗಿಲಿನಿಂದ ಬರುತ್ತಾನೆ. ಕುರುಬನು ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ತೋಳ ಬರುವುದನ್ನು ಕಂಡಾಗ ಕೂಲಿಯಾಳು ಓಡುತ್ತಾನೆ, ಏಕೆಂದರೆ ಕುರಿಗಳು ಅವನವಲ್ಲ, ಅವುಗಳ ಚಿಂತೆ ಅವನಿಗಿಲ್ಲ. ಒಳ್ಳೆಯ ಕುರುಬನಾದರೋ ಕುರಿಗಳಿಗಾಗಿ ತನ್ನ ಪ್ರಾಣವನ್ನೇ ಕೊಡುತ್ತಾನೆ. ಯಾರೂ ಅದನ್ನು ಅವನಿಂದ ಕಸಿಯುವುದಿಲ್ಲ, ತಾನಾಗಿ ಕೊಡುತ್ತಾನೆ.

ಹೆಸರು ಹಿಡಿದು ಕರೆಯುವುದೆಂಬುದು ಸಣ್ಣ ಮಾತಲ್ಲ. ಗಿರಣಿಯ ಹಾಜರಿ ಪುಸ್ತಕವನ್ನು ಬರೆಯುವವರಿಗೆ ಗೊತ್ತು, ಅಲ್ಲಿ ಮನುಷ್ಯನೊಬ್ಬನು ಒಂದು ನಂಬರು. ಪರಊರಿಗೆ ಬಂದವನನ್ನು ಅವನ ಹೆಸರಿನಿಂದ ಯಾರಾದರೂ ಕರೆದ ದಿನ ಅವನಿಗೆ ಆ ಊರು ಅರ್ಧ ತನ್ನದಾಗುತ್ತದೆ.

ಜನರನ್ನು ಕುರಿಗಳೆನ್ನುವುದು ಅವಮಾನವಲ್ಲವೆ ಎಂದು ಕೇಳುವವರುಂಟು. ಕನ್ನಡದಲ್ಲಿ ‘ಕುರಿ’ ಎಂದರೆ ತಲೆ ತಗ್ಗಿಸಿ ಒಂದರ ಹಿಂದೆ ಒಂದು ಹೋಗುವ ದಡ್ಡ ಪ್ರಾಣಿ. ಆದರೆ ಈ ಉಪಮೆಯ ಕುರಿಗೆ ವಿವೇಕವಿದೆ. ಪರಕೀಯನ ದನಿ ಕೇಳಿದರೆ ಅದು ಹಿಂಬಾಲಿಸುವುದಿಲ್ಲ, ದೂರ ಓಡುತ್ತದೆ. ದನಿಯನ್ನು ಪರೀಕ್ಷಿಸುವ ಹಕ್ಕು ಹಿಂಡಿಗೆ ಉಂಟು.

ಕೂಲಿಯಾಳಿನ ಪ್ರಶ್ನೆಗೂ ಇಲ್ಲಿ ಉತ್ತರ ದೊರೆಯುತ್ತದೆ. ಕೂಲಿಯನ್ನು ತೆಗೆದುಕೊಂಡನೆಂದು ಯೇಸು ಅವನನ್ನು ದೂರುವುದಿಲ್ಲ. ಕುರಿಗಳ ಚಿಂತೆ ಇಲ್ಲದುದೇ ಅವನ ಕೊರತೆ. ಕೂಲಿ ಪಡೆದೂ ಚಿಂತೆಯಿದ್ದವನಿಗೆ ಉದಾಹರಣೆ ಯಾಕೋಬ. ಕೂಲಿಯಿಲ್ಲದೆ ಪದವಿಯಲ್ಲಿದ್ದೂ ಚಿಂತೆಯಿಲ್ಲದವರಿಗೆ ಉದಾಹರಣೆ ಯೆಹೆಜ್ಕೇಲನು ಖಂಡಿಸಿದ ಅರಸರು. ಹೀಗಿರುವಲ್ಲಿ ಕೂಲಿಯಾಳು ಎಂಬುದು ಸಂಬಳದ ಹೆಸರಲ್ಲ, ಮನಸ್ಸಿನ ಹೆಸರು.

೬. ನೂರರಲ್ಲಿ ಒಂದು

ಲೂಕನ ಸುವಾರ್ತೆಯ ೧೫ನೆಯ ಅಧ್ಯಾಯದಲ್ಲಿ ಇನ್ನೊಂದು ಕುರುಬನ ಕಥೆಯಿದೆ. ಸುಂಕದವರು, ಪಾಪಿಗಳೆನಿಸಿಕೊಂಡವರು ಇವರ ಜೊತೆಗೆ ಯೇಸು ಕೂತು ಉಣ್ಣುತ್ತಾನೆಂದು ಫರಿಸಾಯರು ಗೊಣಗಿದಾಗ ಹೇಳಿದ ಕಥೆ ಅದು. ನೂರು ಕುರಿಯಲ್ಲಿ ಒಂದು ತಪ್ಪಿತು. ಕುರುಬನು ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಆ ಒಂದನ್ನು ಹುಡುಕಿದನು, ಸಿಕ್ಕಾಗ ಹೆಗಲ ಮೇಲೆ ಹೊತ್ತು ತಂದನು, ನೆರೆಹೊರೆಯವರನ್ನು ಕರೆದು ಸಂತೋಷಪಟ್ಟನು.

ಲೆಕ್ಕದವನ ಕಣ್ಣಿಗೆ ಇದು ವಿಚಿತ್ರ. ನೂರಕ್ಕೆ ಒಂದು ಎಂದರೆ ವ್ಯಾಪಾರದಲ್ಲಿ ಸಹಜವಾದ ನಷ್ಟ, ಬರೆದು ಮುಗಿಸಬಹುದು. ಕುರುಬನು ಬರೆದು ಮುಗಿಸುವುದಿಲ್ಲ. ತಪ್ಪಿದ ಕುರಿಗೆ ತಾನು ನೂರರಲ್ಲಿ ಒಂದಲ್ಲ; ಅದರ ಜೀವ ಅದಕ್ಕೆ ನೂರಕ್ಕೆ ನೂರು. ಉಳಿದ ತೊಂಬತ್ತೊಂಬತ್ತಕ್ಕೂ ಇದರಲ್ಲಿ ಲಾಭವುಂಟು: ನಾಳೆ ತಾನು ತಪ್ಪಿಸಿಕೊಂಡರೆ ತನ್ನನ್ನು ಹುಡುಕಲು ಬರುವನೆಂಬ ಭರವಸೆ.

೭. ಕುರುಬನೇ ಕುರಿಯಾದುದು

ಲೋಕದಲ್ಲಿ ಕುರಿಯನ್ನು ಸಾಕುವುದೇತಕ್ಕೆ? ಉಣ್ಣೆಗೆ, ಹಾಲಿಗೆ, ಮಾಂಸಕ್ಕೆ. ಕುರುಬನು ಎಷ್ಟೇ ಪ್ರೀತಿಯಿಂದ ಸಾಕಿದರೂ ಕಡೆಗೆ ಸಾಯುವುದು ಕುರಿ, ಬದುಕುವುದು ಕುರುಬ. ಯೆಹೂದ್ಯರ ಪಸ್ಕ ಹಬ್ಬದಲ್ಲಿಯೂ ಬಲಿಯಾಗುವುದು ಕುರಿಮರಿಯೇ. ಕ್ರೈಸ್ತಮತವು ಈ ಕ್ರಮವನ್ನು ತಲೆಕೆಳಗು ಮಾಡಿತು. ಯೇಸುವನ್ನು ಹಿಡಿಯಲು ರಾತ್ರಿ ತೋಟಕ್ಕೆ ಸಿಪಾಯಿಗಳು ಬಂದಾಗ ಅವನು ತಾನೇ ಮುಂದೆ ಬಂದು, ನನ್ನನ್ನು ಹುಡುಕುವುದಾದರೆ ಇವರನ್ನು ಹೋಗಗೊಡಿಸಿರಿ ಎಂಬರ್ಥದ ಮಾತನ್ನಾಡಿದನೆಂದು ಯೋಹಾನನು ಬರೆದಿದ್ದಾನೆ. ಕುರುಬನು ಮುಂದೆ ನಡೆಯುತ್ತಾನೆಂಬುದರ ಅರ್ಥ ಅಲ್ಲಿ ಪೂರ್ಣವಾಯಿತು. ಮಾರನೆಯ ದಿನ ಅವನು ಶಿಲುಬೆಯ ಮೇಲೆ ಸತ್ತನು. ಅದು ಪಸ್ಕದ ಸಿದ್ಧತೆಯ ದಿನ ಎಂದು ಅದೇ ಸುವಾರ್ತೆ ಹೇಳುತ್ತದೆ. ಮೇಲೆ ಹೇಳಿದ ಮೂರನೆಯ ಮೆಟ್ಟಲು ಇದು. ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯಲ್ಲಿ ಕುರಿಮರಿಯೇ ಜನರಿಗೆ ಕುರುಬನಾಗಿ ಅವರನ್ನು ನೀರಿನ ಬುಗ್ಗೆಗಳ ಬಳಿಗೆ ನಡಸುವುದೆಂಬ ದರ್ಶನವಿದೆ.

ಅಂದು ರಾತ್ರಿ ಶಿಷ್ಯರೆಲ್ಲ ಓಡಿಹೋದರು. ಪೇತ್ರನು ಮೂರು ಸಲ ಅವನನ್ನು ಅರಿಯೆನೆಂದನು. ಅದೇ ಪೇತ್ರನಿಗೆ, ಪುನರುತ್ಥಾನದ ತರುವಾಯ, ನನ್ನನ್ನು ಪ್ರೀತಿಸುತ್ತೀಯಾ ಎಂದು ಯೇಸು ಮೂರು ಸಲ ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು ಅವನಿಗೆ ಒಪ್ಪಿಸಿದನು. ಓಡಿದವನೂ ಮತ್ತೆ ಕುರುಬನಾಗಬಹುದೆಂಬುದು ಇದರ ಅಭಿಪ್ರಾಯ. ಪೇತ್ರನು ರೋಮಿನಲ್ಲಿ ಪ್ರಾಣ ಕೊಟ್ಟನೆಂಬುದು ಪರಂಪರೆಯ ನಂಬಿಕೆ.

೮. ಚಿತ್ರಗಳು ಹೇಳುವ ಕಥೆ

ಮೊದಲ ಶತಮಾನಗಳ ಕ್ರೈಸ್ತರು ಬಹಳವಾಗಿ ಬರೆದುಕೊಂಡ ಚಿತ್ರಗಳಲ್ಲಿ ಕುರುಬನ ಚಿತ್ರವೂ ಒಂದು. ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳಲ್ಲಿ ೩ನೆಯ ಶತಮಾನದ ಚಿತ್ರವಿದೆ. ಸಿರಿಯಾದಲ್ಲಿ ಯೂಫ್ರಟಿಸ್ ನದಿಯ ದಂಡೆಯ ಡೂರಾ ಯೂರೋಪಸ್ ಎಂಬ ಹಾಳೂರಿನಲ್ಲಿ, ಸಾಮಾನ್ಯ ಮನೆಯೊಂದನ್ನು ಪ್ರಾರ್ಥನಾಮಂದಿರವಾಗಿ ಮಾರ್ಪಡಿಸಿದ್ದು ಅಗೆತದಲ್ಲಿ ಸಿಕ್ಕಿತು. ಅಲ್ಲಿ ದೀಕ್ಷಾಸ್ನಾನದ ತೊಟ್ಟಿಯ ಮೇಲ್ಗಡೆ ಕುರಿ ಹೊತ್ತ ಕುರುಬನನ್ನು ಬರೆದಿದ್ದರು. ಆ ಊರು ೨೫೬ರಲ್ಲಿ ಹಾಳಾಯಿತು. ಚಿತ್ರವು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಕುರಿ ಹೊತ್ತ ಆಳಿನ ವಿಗ್ರಹಗಳು ಗ್ರೀಕರಲ್ಲಿ ಮೊದಲೇ ಇದ್ದುವು; ಕ್ರೈಸ್ತರು ಆ ರೂಪವನ್ನು ಎತ್ತಿಕೊಂಡು ತಮ್ಮ ಅರ್ಥವನ್ನು ಅದರಲ್ಲಿ ತುಂಬಿದರು. ಈ ಚಿತ್ರಗಳಲ್ಲಿ ಕುರುಬನು ಮೊಣಕಾಲುದ್ದದ ಅಂಗಿಯ ಬಡ ಹುಡುಗ.

೩೧೩ರ ತರುವಾಯ ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತಮತಕ್ಕೆ ಮನ್ನಣೆ ದೊರೆಯಿತು. ಇಟಲಿಯ ರಾವೆನ್ನಾದಲ್ಲಿ ಗಾಲಾ ಪ್ಲಾಸಿಡಿಯಾಳ ಹೆಸರಿನ ಸಮಾಧಿಮಂದಿರದೊಳಗೆ ೫ನೆಯ ಶತಮಾನದ ಕುರುಬನಿದ್ದಾನೆ. ಅವನ ಉಡುಪು ಚಿನ್ನದ್ದು, ಮೇಲುಹೊದಿಕೆ ಅರಸರ ಬಣ್ಣದ್ದು, ಕೋಲಿನ ಬದಲು ಚಿನ್ನದ ಶಿಲುಬೆ. ಸುಂದರವಾದ ಕೆಲಸ. ಆದರೆ ಹೆಗಲ ಮೇಲೆ ಕುರಿ ಇಲ್ಲ.

ಇಂದಿಗೂ ಬಿಷಪ್ಪರು ಹಿಡಿಯುವ ದಂಡವು ಕುರುಬನ ಕೊಕ್ಕೆಕೋಲಿನ ಆಕಾರದ್ದು. ‘ಪಾಸ್ಟರ್’ ಎಂಬ ಲ್ಯಾಟಿನ್ ಮಾತಿಗೆ ಕುರುಬನೆಂದೇ ಅರ್ಥ. ಕನ್ನಡದಲ್ಲಿ ಸಭಾಪಾಲಕರು ಎನ್ನುತ್ತೇವೆ. ೨೦೧೩ರ ಮಾರ್ಚಿಯಲ್ಲಿ ಪೋಪ್ ಫ್ರಾನ್ಸಿಸರು ಪಾದ್ರಿಗಳಿಗೆ ಉಪದೇಶಿಸುತ್ತ, ಕುರುಬನ ಮೈಯಿಂದ ಕುರಿಗಳ ವಾಸನೆ ಬರಬೇಕು ಎಂಬರ್ಥದಲ್ಲಿ ಮಾತನಾಡಿದ್ದರು. ಚಿನ್ನದ ಉಡುಪಿನಿಂದ ಹಳೆಯ ಅಂಗಿಗೆ ಮರಳಿರೆಂಬ ಕರೆಯೆಂದು ಅದನ್ನು ತಿಳಿಯಬಹುದು.

೯. ಮೊಲೊಕಾಯಿ ದ್ವೀಪದ ಕುರುಬ

ಹಳೆಯ ಅಂಗಿಯನ್ನು ನಿಜವಾಗಿ ತೊಟ್ಟವರಲ್ಲಿ ಒಬ್ಬರು ಬೆಲ್ಜಿಯಮ್ ದೇಶದ ಡೇಮಿಯನ್ ಪಾದ್ರಿಗಳು. ೧೮೪೦ರಲ್ಲಿ ಹುಟ್ಟಿದ ಅವರು ಹವಾಯಿ ದ್ವೀಪಗಳಿಗೆ ಧರ್ಮಸೇವೆಗೆ ಹೋದರು. ಅಲ್ಲಿನ ಸರಕಾರವು ೧೮೬೬ರಿಂದ ಕುಷ್ಠರೋಗಿಗಳನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿತ್ತು. ಮೂರು ಕಡೆ ಸಮುದ್ರ, ಒಂದು ಕಡೆ ಕಡಿದಾದ ಬೆಟ್ಟ. ಮರಳಿ ಬರುವ ಹಾದಿಯಿಲ್ಲ. ಇಂದು ಕುಷ್ಠರೋಗವು ಔಷಧದಿಂದ ಪೂರ್ಣ ಗುಣವಾಗುವ ರೋಗ. ಅಂದು ಅದಕ್ಕೆ ಮದ್ದಿರಲಿಲ್ಲ.

೧೮೭೩ರ ಮೇ ೧೦ರಂದು ಡೇಮಿಯನ್ ಅಲ್ಲಿ ಇಳಿದರು. ಕೆಲವರು ಪಾದ್ರಿಗಳು ಸರದಿಯ ಮೇಲೆ ಹೋಗಿ ಬರುವುದೆಂದು ಏರ್ಪಾಡಾಗಿತ್ತು. ಅವರು ಮರಳಲಿಲ್ಲ. ಹುಣ್ಣುಗಳನ್ನು ತೊಳೆದು ಕಟ್ಟಿದರು, ಮನೆಗಳನ್ನು ಕಟ್ಟಲು ಕೈ ಹಾಕಿದರು, ನೀರಿನ ಕೊಳಾಯಿ ತರಿಸಿದರು, ಸತ್ತವರಿಗೆ ಪೆಟ್ಟಿಗೆ ಮಾಡಿ ಗುಂಡಿ ತೋಡಿದರು. ೧೮೮೪ರ ಕೊನೆಗೆ ರೋಗ ಅವರಿಗೂ ತಗಲಿದುದು ಖಚಿತವಾಯಿತು. ಆ ಮೇಲೆಯೂ ಕೆಲಸ ನಿಲ್ಲಿಸದೆ ೧೮೮೯ರ ಏಪ್ರಿಲ್ ೧೫ರಂದು, ತಮ್ಮ ೪೯ನೆಯ ವಯಸ್ಸಿನಲ್ಲಿ, ಅದೇ ಜನರ ನಡುವೆ ತೀರಿಕೊಂಡರು. ೨೦೦೯ರಲ್ಲಿ ಕಥೋಲಿಕ ಸಭೆಯು ಅವರನ್ನು ಸಂತರೆಂದು ಸಾರಿತು.

ಸರದಿ ಮುಗಿದ ಮೇಲೆ ಹಿಂದಿರುಗಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಗೆರೆ ಅಲ್ಲಿಗೇ ಮುಗಿದಿತ್ತು.

೧೦. ನಮ್ಮ ಪಾಲಿನ ಪಾಠ

ಈ ಉಪಮೆಯನ್ನು ದುರುಪಯೋಗ ಮಾಡುವುದು ಸುಲಭ. ತ್ಯಾಗ ಮಾಡಿರಿ ಎಂದು ದೊಡ್ಡವರು ಸಣ್ಣವರಿಗೆ, ಒಡೆಯರು ಆಳುಗಳಿಗೆ ಹೇಳಲು ಇದನ್ನು ಎತ್ತಿಕೊಳ್ಳಬಹುದು. ಅದು ತಪ್ಪು ಓದು. ಈ ಉಪಮೆಯಲ್ಲಿ ತ್ಯಾಗ ಮಾಡಬೇಕಾದವನು ಕುರುಬನು, ಕುರಿಯಲ್ಲ. ಕುರಿಗಳಿಂದ ತ್ಯಾಗವನ್ನು ಕೇಳುವ ಕುರುಬನ ಹೆಸರು ಯೆಹೆಜ್ಕೇಲನ ಪಟ್ಟಿಯಲ್ಲಿ ಸೇರುತ್ತದೆ. ನ್ಯಾಯವಾದ ಸಂಬಳವನ್ನು ಕೇಳಿದ್ದಕ್ಕೆ ಯಾಕೋಬನ ಸೇವೆ ಸಣ್ಣದಾಗಲಿಲ್ಲ. ಅವನು ಕೂಲಿಯ ಲೆಕ್ಕವನ್ನೂ ಬಿಡಲಿಲ್ಲ, ಕುರಿಯ ಚಿಂತೆಯನ್ನೂ ಬಿಡಲಿಲ್ಲ. ಎರಡೂ ಒಬ್ಬನಲ್ಲಿಯೇ ಇರಬಲ್ಲುವು.

ನಮಗೆ ಯಾರೂ ಪ್ರಾಣ ಕೇಳುವುದಿಲ್ಲ. ಆದರೆ ಪ್ರತಿಯೊಬ್ಬರ ಕೈಕೆಳಗೂ ಒಂದು ಸಣ್ಣ ಹಿಂಡು ಇದ್ದೇ ಇದೆ. ಊರಿನಿಂದ ಹೊಸದಾಗಿ ಬಂದು ಕೋಣೆಯಲ್ಲಿ ತಂಗಿದ ಹುಡುಗ, ಕೆಲಸ ಕಲಿಯುತ್ತಿರುವ ಕಿರಿಯ, ಆಸ್ಪತ್ರೆಗೆ ಒಬ್ಬನೇ ಹೋಗಬೇಕಾದ ಜೊತೆಗಾರ. ಇವರ ವಿಷಯದಲ್ಲಿ ನಮ್ಮ ಕರ್ತವ್ಯ ಎಲ್ಲಿಯವರೆಗೆ ಎಂಬುದಕ್ಕೆ ಒಂದು ಗೆರೆ ಇದೆ, ಅದು ನ್ಯಾಯವಾದುದೂ ಹೌದು. ಗೆರೆಯಿಂದ ಆಚೆ ಒಂದು ಹೆಜ್ಜೆ ಇಡುವವನು ಅಷ್ಟರ ಮಟ್ಟಿಗೆ ಕುರುಬನು.

ವಾಚನಾಲಯದಲ್ಲಿ ಕೂತು ಚರ್ಚಿಸಲು ಮೂರು ಪ್ರಶ್ನೆಗಳು:

(ಅ) ಯಾಕೋಬನು ತನ್ನದಲ್ಲದ ನಷ್ಟವನ್ನು ಹೊತ್ತುದು ಸರಿಯೆ? ಅದರಿಂದ ಲಾಬಾನನಂಥ ಒಡೆಯನಿಗೆ ಸಲಿಗೆ ಕೊಟ್ಟಂತಾಗಲಿಲ್ಲವೆ?

(ಆ) ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋದುದನ್ನು ಉಳಿದ ಕುರಿಗಳ ಕಡೆಯಿಂದ ನೋಡಿದರೆ ಏನು ಹೇಳಬಹುದು?

(ಇ) ನಮ್ಮನ್ನು ಮುಂದೆ ನಡೆದು ಕರೆಯುವವರು ಯಾರು, ಹಿಂದೆ ನಿಂತು ಅಟ್ಟುವವರು ಯಾರು? ನಾವು ನಮ್ಮ ಕಿರಿಯರ ವಿಷಯದಲ್ಲಿ ಇವೆರಡರಲ್ಲಿ ಯಾವುದು?